ಅಕ್ಕನ ನೀರಡಿಕೆ

ಆಪರೇಷನ್ ಥಿಯೇಟರ್‌ಗೆ ಒಯ್ಯಲು ಸ್ಟ್ರೆಚರ್ ಬಂದು ನಿಂತಾಗ ಪೇಶಂಟೇ "ನಾ ಬರಂಗಿಲ್ಲ" ಎಂದುಬಿಟ್ಟರೆ? ಈಚೆಗೆ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಹಾಗೆಂದು ಕಾಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವಳು ನನ್ನ ಅಕ್ಕ ಶಾರದಾ.

ಅಕ್ಕ ಗೋಕುಲ ರಸ್ತೆಯಲ್ಲಿ ಖಾನಾವಳಿ ನಡೆಸುತ್ತಾಳೆ. ಬಹಳ ದಿನಗಳಿಂದ ಅವಳಿಗೆ ಆರದ ನೀರಡಿಕೆ. ಕೊಡಗಟ್ಟಲೆ ಕುಡಿಯುವುದು, ಬಾತ್‌ರೂಮಿಗೆ ಓಡುವುದು, ಮತ್ತೆ ಕುಡಿಯುವುದು. ಶುಗರ್ ಇರಬೇಕೆಂದು ಟೆಸ್ಟ್ ಮಾಡಿಸಿದೆವು. ನಾರ್ಮಲ್! ಎಲ್ಲರಿಗೂ ಸಮಾಧಾನ. (ಅವಳೊಬ್ಬಳನ್ನು ಬಿಟ್ಟು.)

"ದಿನಾ ಒಲಿ ಮುಂದ ನಿಂತರ ನೀರಡಿಕಿ ಆಗದ ಇರತೈತೇನು?" ಎಂದರು ಭಾವ. ಮಾತು ಮುಗಿಯಿತು.

ಆಮೇಲೆ ಬಂತು ಪಿತ್ತಕೋಶದ ಕಲ್ಲು. ಆಪರೇಷನ್‌ಗೆ ಮುಂಚೆ ನೀರು ಬಂದ್. "ಎಲ್ಲಾರೂ ತಡಕೋತಾರ್ರಿ ಅಕ್ಕಾರ, ನೀವೂ ಸ್ವಲ್ಪ ಗಟ್ಟಿ ಆಗ್ರಿ," ಎಂದಳು ನರ್ಸ್. ನಡುವೆ ಒಂದು ಎಮರ್ಜೆನ್ಸಿ ಕೇಸ್ ಬಂದು ಅಕ್ಕನ ಸರದಿ ಮಧ್ಯಾಹ್ನಕ್ಕೆ ಹೋಯಿತು. ಅಷ್ಟರಲ್ಲಿ ಅವಳ ನಾಲಿಗೆ ಒಣಗಿ ಅಂಟುತ್ತಿತ್ತು, ತಲೆ ಸಿಡಿಯುತ್ತಿತ್ತು. ಆದರೂ ಬಾತ್‌ರೂಮಿಗೆ ಹೋಗುವುದು ಮಾತ್ರ ನಿಂತಿರಲಿಲ್ಲ.

ಅದು ವಿಚಿತ್ರ ಅಂತ ಹೊಳೆದದ್ದೂ ಅವಳಿಗೇ. ಸ್ಟ್ರೆಚರ್ ಬಂದದ್ದೂ ಆಗಲೇ.

"ಒಳಗ ಒಂದು ಹನಿ ನೀರು ಹೋಗಿಲ್ಲ, ಹೊರಗ ನಳ ಬಿಟ್ಟಂಗ ಹೊಂಟೈತಿ. ಇದೂ ಎಲ್ಲಾರಿಗೂ ಆಗತೈತೇನ್ರಿ? ದೊಡ್ಡ ಡಾಕ್ಟರ್ ಬಂದು ಹೇಳೂತನಕ ನಾ ಏಳಂಗಿಲ್ಲ."

"ಮಂದಿ ನೋಡಾಕತ್ತಾರ, ಸುಮ್ನ ಹೋಗ," ಭಾವ ಪಿಸುಗುಟ್ಟಿದರು.

"ನೋಡ್ಲಿ," ಎಂದಳು ಅಕ್ಕ.

ಡಾಕ್ಟರ್ ಸಿಟ್ಟಿನಲ್ಲೇ ಬಂದರು. ಅವಳ ಮಾತು ಕೇಳುತ್ತ ಕೇಳುತ್ತ ಸ್ಟೂಲ್ ಎಳೆದುಕೊಂಡು ಕೂತರು. ತಕ್ಷಣ ರಕ್ತ ತೆಗೆಸಿದರು. ಸೋಡಿಯಂ ಅಪಾಯದ ಮಟ್ಟಕ್ಕೆ ಏರಿತ್ತು! ಆಪರೇಷನ್ ಕ್ಯಾನ್ಸಲ್, ಡ್ರಿಪ್ ಶುರು. "ಛಲೋ ಆತು ನೀವು ಕೇಳಿದ್ದು. ಹಿಂಗ ಒಳಗ ಒಯ್ದಿದ್ರ ಜೀವಕ್ಕ ತ್ರಾಸ ಇತ್ರಿ," ಎಂದರು.

ಮುಂದಿನ ಟೆಸ್ಟುಗಳಲ್ಲಿ ಕಾರಣ ಸಿಕ್ಕಿತು. ನೀರು ಹಿಡಿದಿಟ್ಟುಕೋ ಎಂದು ಕಿಡ್ನಿಗೆ ಹೇಳುವ ಹಾರ್ಮೋನ್ ಒಂದಿದೆ. ಮೆದುಳಿನಿಂದ ಬರುವ ಅದೇ ಅಕ್ಕನಲ್ಲಿ ಸಾಲುತ್ತಿರಲಿಲ್ಲ. ಕುಡಿದದ್ದು ಮೈಯಲ್ಲಿ ನಿಲ್ಲುವುದಿಲ್ಲ. ಕುಡಿಯದಿದ್ದರೆ ರಕ್ತದಲ್ಲಿ ಸೋಡಿಯಂ ಏರುತ್ತದೆ. ಸಕ್ಕರೆಗೂ ಇದಕ್ಕೂ ಸಂಬಂಧವೇ ಇಲ್ಲ.

ಈಗ ಮಾತ್ರೆ ನಡೆದಿದೆ. ಕಲ್ಲಿನ ಆಪರೇಷನ್ನೂ ಹೋದ ವಾರ ಆಯಿತು, ಈ ಸಲ ಡ್ರಿಪ್ ಹಾಕಿ, ಸೋಡಿಯಂ ನೋಡಿಕೊಳ್ಳುತ್ತಲೇ. ನೋಡಲು ಬಂದವರೆಲ್ಲ ಅಕ್ಕನಿಗೆ ಹೇಳುವುದು ಒಂದೇ: "ಭಾಳ ಹಟಮಾರಿ ಬಿಡವ್ವಾ ನೀನು!"

ಹೆಣ್ಣು ತನ್ನ ಮೈಯ ಬಗ್ಗೆ ತಾನು ಹೇಳಿದರೆ ಹಟ, ಲ್ಯಾಬ್ ಹೇಳಿದರೆ ಮಾತ್ರ ರೋಗವೇ?