ಬೀಮಿನ ಮೇಲಿನ ವಿಭೂತಿ

ರವೀಂದ್ರನಗರದ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಹತ್ತು ವರ್ಷ ಕಾರು ಇರಲಿಲ್ಲ, ಅಣ್ಣ ಇದ್ದ. ಭದ್ರಾವತಿಯ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಹೋದ ಮೇಲೆ ಅಲ್ಲಿ ಗೇಟು, ಗ್ರಿಲ್ಲು ವೆಲ್ಡ್ ಮಾಡಿಕೊಂಡಿದ್ದ. ಅಪ್ಪ ಸಾಯುವ ಮುಂಚೆ ಮನೆಯನ್ನು ನನ್ನ ಹೆಸರಿಗೆ ಮಾಡಿ ಒಂದೇ ಮಾತು ಹೇಳಿದ್ದರು: "ಶೆಡ್ಡು ಗಟ್ಟಿ ಇರೋ ತನಕ ಅವನನ್ನ ಎಬ್ಬಿಸಬೇಡ."

ನಾನು ಕಟ್ಟಡ ಪರೀಕ್ಷಿಸಿ ವರದಿ ಕೊಡುವ ಎಂಜಿನಿಯರ್. ಕಾರು ಬುಕ್ ಮಾಡಿದ ವಾರವೇ ಸುತ್ತಿಗೆ, ಟಾರ್ಚು, ತೆಳು ತಂತಿ ಹಿಡಿದು ಶೆಡ್ಡಿಗೆ ಹೋದೆ. ಬೆಳಿಗ್ಗೆಯೇ ಇರಬೇಕು. ಅಣ್ಣ ಚಹಾ ಕೊಟ್ಟ ಎಂಬ ನೆನಪಿದೆ; ಆ ಚಹಾವನ್ನು ಆಮೇಲೆ ನಾನೇ ಸೇರಿಸಿರಲೂಬಹುದು, ಅವನು ಒಳ್ಳೆಯವನಾದಷ್ಟೂ ಕತೆ ಚೆನ್ನಾಗಿ ಕೂರುತ್ತದೆ.

ವೈರಿನ ಪ್ಲಾಸ್ಟಿಕ್ ಸುಲಿದಿದೆ ಎಂದೆ. ಅಲ್ಲೇ ಬದಲಿಸಿದ. ಗ್ಯಾಸ್ ಸಿಲಿಂಡರಿಗೆ ಸರಪಳಿ ಇಲ್ಲ ಎಂದೆ. ಬಿಗಿದ. ಶಟರ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ ಎಂದೆ. ಗ್ರೀಸು ಹಚ್ಚಿ ಒಂದೇ ಬೆರಳಲ್ಲಿ ಎತ್ತಿ ತೋರಿಸಿದ.

"ಮುಂದೇನು ಮಾರಾಯ? ಹೇಳ್ತಾ ಹೋಗು, ಮಾಡ್ತಾ ಹೋಗ್ತೀನಿ."

ಮುಂದೆ ಚಾವಣಿ ಹೊತ್ತ ಬೀಮು. ಪ್ರತಿ ಆಯುಧ ಪೂಜೆಗೆ ಅಣ್ಣ ಸಾಮಾನುಗಳಿಗೆ ವಿಭೂತಿ ಇಟ್ಟ ಮೇಲೆ ಏಣಿ ಹತ್ತಿ ಬೀಮಿಗೂ ಮೂರು ಗೆರೆ ಎಳೆಯುತ್ತಿದ್ದ. ಹಿಂದಿನ ವರ್ಷದ್ದನ್ನು ಒರೆಸುತ್ತಿರಲಿಲ್ಲ. ವಿಭೂತಿ ಮೇಲೆ ವಿಭೂತಿ ಕೂತು ಗಟ್ಟಿ ಪದರವಾಗಿತ್ತು. ಒದ್ದೆ ಬಟ್ಟೆಯಿಂದ ಒರೆಸಿದೆ. ಕೆಳಗೊಂದು ಬಿರುಕು.

"ಬಿರುಕು ಮುಚ್ಚೋಕೆ ಬಳಿದಿದ್ದೀಯ," ಎಂದೆ.

"ಥೂ! ದೇವರ ವಿಭೂತಿಗೆ ಹಂಗನ್ಬೇಡ. ನಂಗೆ ಗೊತ್ತೇ ಇರ್ಲಿಲ್ಲ ಕಣೋ."

ತಂತಿ ತೂರಿಸಿದೆ. ಅರ್ಧ ಉಗುರಿನಷ್ಟು ಹೋಗಿ ನಿಂತಿತು. ಒಡೆದದ್ದು ಪ್ಲಾಸ್ಟರ್ ಮಾತ್ರ. ಇದೊಂದು ಮಾತ್ರ ಯಾವ ನೆನಪೂ ತಿದ್ದಲಾರದಷ್ಟು ಸ್ಪಷ್ಟವಾಗಿದೆ: ತಂತಿ ನಿಂತದ್ದು ನನ್ನ ಬೆರಳಿಗೆ ಗೊತ್ತಾಯಿತು.

"ಒಳಗಿನ ಕಂಬಿ ತುಕ್ಕು ತಿಂದಿದೆ. ಇಲ್ಲಿ ಇರೋ ಹಾಗಿಲ್ಲ," ಎಂದೆ.

ಅಣ್ಣ ತನ್ನ ಸುತ್ತಿಗೆ ತಂದು ಬೀಮಿನ ಉದ್ದಕ್ಕೂ ಬಡಿದು ಕಿವಿಗೊಟ್ಟ. "ಗಟ್ಟಿ ಇದೆ ಕಣೋ. ಟೊಳ್ಳಾಗಿದ್ರೆ ಸದ್ದೇ ಬೇರೆ. ಬೇಕಿದ್ರೆ ಒಡೆದು ನೋಡೋಣ, ಕಂಬಿ ತೋರಿಸು."

"ಎಂಜಿನಿಯರ್ ನೀನಾ, ನಾನಾ?"

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, "ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು ಭಾವ," ಎಂದಳು. ಅಣ್ಣ ಅವಳನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಸುತ್ತಿಗೆಯನ್ನು ಚೀಲಕ್ಕೆ ಹಾಕಿದ. ನೆಂಟರ ಮುಂದೆ ನಾನು ಹೇಳುವ ಕತೆಯಲ್ಲಿ ಆಗ ಅವನ ಕೈ ನಡುಗುತ್ತದೆ. ನಡುಗಲಿಲ್ಲ. ವೆಲ್ಡಿಂಗ್ ಮಾಡುವವನ ಕೈ ಅದು.

ಶೆಡ್ಡು ಖಾಲಿ ಮಾಡಿ ಅಣ್ಣ ಮಲವಗೊಪ್ಪದ ರಸ್ತೆ ಬದಿಯಲ್ಲಿ ನಾಲ್ಕು ತಗಡು ನಿಲ್ಲಿಸಿಕೊಂಡು ಅಂಗಡಿ ಹಾಕಿದ.

ಆ ವರ್ಷದ ಆಯುಧ ಪೂಜೆಗೆ ಮನೆಗೆ ಬಂದ. ಬೀಮು ಹಾಗೇ ಇತ್ತು, ಒಂದು ಕರಣೆ ಸಿಮೆಂಟನ್ನೂ ನಾನು ಹಾಕಿಸಿರಲಿಲ್ಲ. ಅದರ ನೇರ ಕೆಳಗೆ ಚೆಂಡುಹೂವಿನ ಹಾರ ಹಾಕಿಕೊಂಡು ಹೊಸ ಕಾರು ನಿಂತಿತ್ತು.

"ಕಾರಿಗೆ ಹೆದರಿಕೆ ಆಗಲ್ವಂತಾ?" ಎಂದ.

ನಾನು ಕಾರಿನ ಹಾರ ಸರಿಮಾಡಿದೆ. ಅವನು ಏಣಿ ತಂದು ಹತ್ತಿ, ಹಳೆಯ ಜಾಗದಲ್ಲೇ ಮೂರು ಬೆರಳೂರಿ ಒಂದೇ ಸಲ ಎಳೆಯಬೇಕಾದ್ದನ್ನು ಒಂದೊಂದೇ ಗೆರೆಯಾಗಿ ನಿಧಾನವಾಗಿ ಎಳೆಯತೊಡಗಿದ.

"ಇಳಿ ಅಣ್ಣ, ಕಾರಿನ ಮೇಲೆ ಬೂದಿ ಉದುರುತ್ತೆ," ಎಂದೆ.

ಇಳಿದ. ಊಟಕ್ಕೆ ನಿಲ್ಲಲಿಲ್ಲ. ಎರಡೇ ಗೆರೆಯಾಗಿತ್ತು, ಇವತ್ತಿಗೂ ಎರಡೇ ಇವೆ. ನಾನು ಆಗಾಗ ಏಣಿ ಹತ್ತಿ ಬಿರುಕನ್ನು ಅಳೆಯುತ್ತೇನೆ. ಕೂದಲೆಳೆಯಷ್ಟೂ ಬೆಳೆದಿಲ್ಲ. ಪ್ರತಿ ಸಲ, ಬೆಳೆದಿರಲಿ ಎಂದುಕೊಂಡೇ ಹತ್ತುತ್ತೇನೆ.