ಒತ್ತು ಬುಟ್ಟು ಅಳೀಬೇಡ

ದರ್ಜಿಯ ಟೇಪನ್ನು ಕೊರಳಿಗೆ ಇಳಿಬಿಟ್ಟುಕೊಂಡು ಕಂಪ್ಯೂಟರ್ ಮುಂದೆ ಕೂರುವವರನ್ನು, ಅಕ್ಕನನ್ನು ಬಿಟ್ಟರೆ, ನಾನು ಬೇರೆಲ್ಲೂ ಕಂಡಿಲ್ಲ. ಹಳದಿ ಟೇಪು, ಅಂಕಿಗಳು ಅರ್ಧ ಅಳಿಸಿದ್ದವು, ತುದಿಯ ತಗಡು ಎಂದೋ ಉದುರಿಹೋಗಿತ್ತು. ತೆರೆಯ ಮೇಲೆ ಅಕ್ಷರ ಮೂಡಿಸಿ, ಅದನ್ನು ನಿಜದಳತೆಗೆ ಹಿಗ್ಗಿಸಿ, ಆ ಟೇಪನ್ನು ಮಾನಿಟರಿನ ಗಾಜಿಗೇ ಒತ್ತಿ ಹಿಡಿದು ಅಳೆಯುತ್ತಿದ್ದರು. ಅಂಗಡಿಗೆ ಬಂದ ಗಾಡಿಯವರು ಕಿಸಕ್ಕನೆ ನಕ್ಕರೆ ತಿರುಗಿ, "ಏನ್ಲಾ, ನಿನ್ ಸೊಂಟಾನೂ ಅಳೀಲಾ?" ಎನ್ನುತ್ತಿದ್ದರು. ಆಮೇಲೆ ಯಾರೂ ನಗುತ್ತಿರಲಿಲ್ಲ.

ಗುಂಡ್ಲುಪೇಟೆಯ ಬಸ್ ನಿಲ್ದಾಣದ ಹತ್ತಿರ ಅವರ ಸ್ಟಿಕ್ಕರ್ ಅಂಗಡಿ. ಊರಿಗೆಲ್ಲ ಅವರು ಸ್ಟಿಕ್ಕರ್ ಅಕ್ಕ, ನನಗೆ ಬರೀ ಅಕ್ಕ. ತರಕಾರಿ ಹೊತ್ತು ಕೇರಳಕ್ಕೂ ಊಟಿ ಕಡೆಗೂ ಓಡುವ ಪಿಕಪ್ ಗಾಡಿಗಳ ಗಾಜಿಗೆ ದೇವರ ಹೆಸರು, ಮಕ್ಕಳ ಹೆಸರು ಕತ್ತರಿಸಿ ಅಂಟಿಸುವುದು ಕೆಲಸ. ಅವರ ತವರು ಕುದೇರು. ಮದುವೆ ಮುರಿದ ಮೇಲೆ ಹೊಲಿಗೆ ಮಿಷನ್ನೊಂದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಗುಂಡ್ಲುಪೇಟೆಗೆ ಬಂದವರು, ರವಿಕೆ ಹೊಲಿದು ಬೇಸತ್ತು ಸ್ಟಿಕ್ಕರಿಗೆ ಇಳಿದರು. ನಾನು ಬೇಗೂರಿನವಳು. ಡಿಗ್ರಿ ಮುಗಿಸಿ, ಬೇರೆ ಕೆಲಸ ಸಿಗುವವರೆಗೆ ಇರೋಣವೆಂದು ಅವರ ಅಂಗಡಿ ಸೇರಿದೆ. ಬೇರೆ ಕೆಲಸ ಹುಡುಕುವುದನ್ನು ಯಾವಾಗ ಬಿಟ್ಟೆನೋ ನನಗೇ ನೆನಪಿಲ್ಲ.

ಅಕ್ಕನ ಹೆಸರಿನಲ್ಲಿ ಒಂದು ಒತ್ತಕ್ಷರವಿತ್ತು. ಶಾಲೆಯಲ್ಲಿ ಅದನ್ನು ನುಂಗಿದರಂತೆ, ಮದುವೆ ಕಾಗದದಲ್ಲೂ ನುಂಗಿದರಂತೆ. "ಒತ್ತೇ ಇಲ್ದಿದ್ ಮದ್ವೆ ಕಣಮ್ಮಿ, ಎಂಗ್ ನಿಂತದು?" ಎಂದು ನಗುತ್ತಿದ್ದರು. ನಗುತ್ತಿದ್ದರು ನಿಜ, ಆದರೆ ಅವರ ಹೆಸರನ್ನು ಯಾರಾದರೂ ತಪ್ಪಾಗಿ ಬರೆದರೆ ಆ ಕಾಗದವನ್ನು ಮುಖಕ್ಕೆ ಎಸೆದು ಬರುತ್ತಿದ್ದರು. "ಪ್ರೂಫು ನಾನ್ ನೋಡ್ದೆ ನನ್ನೆಸ್ರು ಎಲ್ಲೂ ಅಚ್ಚಾಕ್ಬಾರ್ದು" ಎನ್ನುವುದು ಅವರ ಕಾನೂನು.

ನಾವು ಬಳಸುತ್ತಿದ್ದದ್ದು ಪುಕ್ಕಟೆ ಸಿಗುವ ಒಂದು ಚಿತ್ರ ಬರೆಯುವ ಸಾಫ್ಟ್‌ವೇರ್. ಅದರಲ್ಲಿ ಎಲ್ಲವೂ ಗೆರೆಯಿಂದಾದದ್ದು. ಅಂಗೈಯಷ್ಟು ಅಕ್ಷರವನ್ನು ಲಾರಿಯಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಬಣ್ಣ ತುಂಬಲು ಒಂದು ಬಕೆಟ್ಟು, ಅಳೆಯಲು ಒಂದು ಸ್ಕೇಲು ಅದರಲ್ಲೇ ಇರುತ್ತವೆ. ಅಕ್ಕ ಜಗಳವಾಡಿದ್ದು ಈ ಎರಡರ ಮೇಲೆ.

ಒಂದು ಸಂಜೆ ಟೊಮೆಟೊ ಗಾಡಿಯ ಡ್ರೈವರ್ ಒಬ್ಬ ಓಡಿಬಂದ. ಹೊಸ ಗಾಡಿ, ಮೊದಲ ಲೋಡು, ರಾತ್ರಿ ಬಂಡೀಪುರದ ಗೇಟು ಹಾಕುವ ಮೊದಲು ಕಾಡು ದಾಟಬೇಕು. "ಬಿರ್‍ರನೆ ಒಂದ್ 'ಅಮ್ಮನ ಆಶೀರ್ವಾದ' ಒಡ್ಕೊಡಕ್ಕ" ಎಂದ. ಅಕ್ಕ ಬರೆದರು, ಸಾಫ್ಟ್‌ವೇರಿನ ಸ್ಕೇಲಿನಲ್ಲಿ ಎತ್ತರ ನೋಡಿದರು, ಅದು ಹೇಳಿದಷ್ಟೇ ಎತ್ತರದ ಸ್ಟಿಕ್ಕರ್ ಹಾಳೆಯನ್ನು ಕತ್ತರಿಸುವ ಮಿಷನ್ನಿಗೆ ಕೊಟ್ಟರು. ಬ್ಲೇಡು ಹಾಳೆಯ ಕೆಳಗಂಚು ದಾಟಿ ಓಡಿತು. 'ಮ್ಮ'ದ ಒತ್ತಿನಲ್ಲಿ ಉಳಿದದ್ದು ಉಗುರಿನಷ್ಟು ಚೂರು. ಗಡಿಬಿಡಿಯಲ್ಲಿ ಅದೂ ಬೇಡದ ಚೂರೆಂದು ಅಕ್ಕ ಕಿತ್ತು ಬಿಸಾಡಿದರು. ಗಾಡಿ ಹೊರಟುಹೋಯಿತು.

ಮರಳಿ ಬಂದ ಡ್ರೈವರಿನ ಮುಖ ನೋಡುವ ಹಾಗಿರಲಿಲ್ಲ. ಬಂಡೀಪುರದ ಗೇಟಿನ ಟೀ ಅಂಗಡಿಯಲ್ಲಿ ಅವನ ಗಾಜಿನ ಮೇಲಿನ 'ಅಮನ ಆಶೀರ್ವಾದ' ಓದಿ ಬಿದ್ದು ಬಿದ್ದು ನಕ್ಕಿದ್ದರಂತೆ. "ಯಾರ್ಲಾ ಈ ಅಮ, ಯಮನ ತಮ್ಮನಾ ಅಂತಾವ್ರೆ ಕಣಕ್ಕೋ! ಕಾಡ್ ರೋಡಲ್ಲಿ ಓಡ್ಸೋನು ನಾನು!" ಎಂದು ಅಳುವಷ್ಟಾದ. ಅಕ್ಕ ಹಳೆಯದನ್ನು ಕೆರೆದು ಹೊಸದು ಅಂಟಿಸಿಕೊಟ್ಟರು. ಅವನು ಹೋದ ಮೇಲೆ ಅದೇ ಅಕ್ಷರವನ್ನು ತೆರೆಗೆ ತಂದು, ಕೊರಳಿನ ಟೇಪು ತೆಗೆದು ಗಾಜಿಗೆ ಒತ್ತಿದರು. ಸ್ಕೇಲು ಒಂದು ಹೇಳುತ್ತಿತ್ತು, ಟೇಪು ಇನ್ನೊಂದು. ಸ್ಕೇಲು ಒತ್ತನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ಸುಳ್ ಯೋಳ್ತದಲ್ಲಮ್ಮಿ ಇದು!"

ಅಲ್ಲಿಯವರೆಗೆ ಆ ಟೇಪು ಕೊರಳಲ್ಲಿದ್ದದ್ದು ಹೊಲಿಗೆ ಕಾಲದ ಅಭ್ಯಾಸಕ್ಕೆ. ಅಂದಿನಿಂದ ಕೆಲಸಕ್ಕೆ ಬಂತು.

ಚಾಮರಾಜನಗರದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟವನೊಬ್ಬನಿದ್ದ, ಅಕ್ಕನ ತಮ್ಮನ ಸ್ನೇಹಿತ. ಅವನಿಗೆ ಫೋನು ಮಾಡಿದರೆ, "ವಸಿ ಜಾಸ್ತಿ ಹಾಳೆ ಬುಟ್ಕೊಳಕ್ಕ, ಮುಗೀತು. ನಾವೆಲ್ಲಾ ಅಂಗೇ ಮಾಡದು" ಎಂದ. ಅಕ್ಕನಿಗೆ ರೇಗಿತು. "ನಾನ್ಯಾಕ್ಲಾ ಅಂದಾಜ್ ಮಾಡನ? ಅಳಿಯದು ಅದ್ರ ಕೆಲ್ಸ. ಮಾಡ್ಲಿ ಅದು!"

ಆ ಸಾಫ್ಟ್‌ವೇರ್ ಮಾಡುವವರು ದೇಶದೇಶದಲ್ಲಿ ಹರಡಿಕೊಂಡವರು, ಸಂಬಳವಿಲ್ಲದೆ ಮಾಡುವವರು, ಯಾರು ಬೇಕಾದರೂ ಅವರ ತಾಣದಲ್ಲಿ ದೂರು ಬರೆಯಬಹುದು ಎಂದು ನಾನೇ ಬಾಯಿಬಿಟ್ಟೆ. ತಗೊಳ್ಳಿ, ಶುರುವಾಯಿತು. ಅಕ್ಕ ಹೇಳುವುದು, ನಾನು ಇಂಗ್ಲಿಷಿಗೆ ತಿರುಗಿಸುವುದು. ಬೈಗುಳ ಬಂದ ಕಡೆಯಲ್ಲೆಲ್ಲ ನಾನು 'ದಯವಿಟ್ಟು' ಎಂದು ಹಾಕುತ್ತಿದ್ದೆ. ಉತ್ತರ ಬಂತು: ಇದು ದೋಷವಲ್ಲ, ಬೇಕೆಂದೇ ಹೀಗೆ ಮಾಡಿದ್ದೇವೆ. ಓದಿ ಹೇಳಿದಾಗ ಅಕ್ಕ ಕುರ್ಚಿಯಿಂದ ಎದ್ದುಬಿಟ್ಟರು.

"ಬೇಕೂಂತ್ಲೇ ಒತ್ತು ಬುಟ್ಟವ್ರಾ?"

"ಅವರ ಇಂಗ್ಲಿಷಲ್ಲೂ ಜಿ, ವೈ ಎಲ್ಲ ಕೆಳಗೆ ಇಳಿದಿರುತ್ತವಲ್ಲ ಅಕ್ಕ" ಎಂದೆ, ಸಮಾಧಾನಕ್ಕೆ.

"ಅವ್ಕೆ ಇಳಿಯಕ್ಕೆ ಜಾಗ ಬುಟ್ಟವ್ರೆ. ನಮ್ದಕ್ಕೆ ಬುಟ್ಟಿಲ್ಲ. ಅದೇ ಕಣಮ್ಮಿ ನನ್ನೊಟ್ಟೆ ಉರಿ! ಕಾಲ್ ಬುಟ್ಟು ಅಳ್ದು, ಇವ್ನ ಎತ್ರ ಇಷ್ಟೇ ಅಂದ್ರೆ ಒಪ್ಕತೀಯಾ? ಬರಿ. ಒತ್ತು ಬುಟ್ಟು ಅಳೀಬೇಡ ಅಂತ ಬರಿ."

ಬರೆದೆ. ಮಾನಿಟರಿನ ಮೇಲೆ ಟೇಪು ಇಟ್ಟ ಫೋಟೊವನ್ನೂ ಕಳಿಸಿದೆವು. ಅದರಲ್ಲಿ ಅಕ್ಕನ ಬಳೆಗಳೂ ಇದ್ದವು. ಎಷ್ಟೋ ದಿನ ಆ ಕಡೆಯಿಂದ ಉತ್ತರ ಬರಲಿಲ್ಲ. ಅಕ್ಕ ಮಾತ್ರ ಬೆಳಿಗ್ಗೆ ಬಾಗಿಲು ತೆಗೆದು, ಊದುಬತ್ತಿ ಹಚ್ಚಿ, "ಏನಂದ್ರು ನಿನ್ ದೊರೆಗಳು?" ಎಂದು ಕೇಳುವುದನ್ನು ಬಿಡಲಿಲ್ಲ.

ಅಕ್ಕ ಯಾವಾಗಲೂ ಸರಿಯಾಗಿದ್ದರು ಎಂದರೆ ಮೇಲಿನಿಂದಲೇ ನನ್ನ ತಲೆಗೆ ಮೊಟಕುತ್ತಾರೆ. ಈ ಜಗಳದ ನಡುವೆ ಬಕೆಟ್ಟಿನ ಮೇಲೂ ದೂರು ಬರೆಸಿದರು. 'ಅ' ಬರೆದು ಅದರ ಹೊಟ್ಟೆಗೆ ಬಣ್ಣ ಸುರಿದರೆ ಅದು ಹೊರಗೆ ಸೋರಿ ಹಾಳೆಯೆಲ್ಲ ಕೆಂಪಾಗುತ್ತದೆ, ಇದೂ ನಿಮ್ಮದೇ ತಪ್ಪು ಎಂದು. ಈ ಸಲ ಒಬ್ಬ ಪುಣ್ಯಾತ್ಮ ನಾವು ಕಳಿಸಿದ ಚಿತ್ರವನ್ನೇ ಹಿಗ್ಗಿಸಿ ತೋರಿಸಿದ. ಅಕ್ಕ ಬರೆದ ಗೆರೆಯ ಎರಡು ತುದಿ ಕೂಡಿರಲೇ ಇಲ್ಲ, ಕೂದಲೆಳೆಯಷ್ಟು ಸಂದಿತ್ತು. ಅಂಥ ಸಂದನ್ನು ಮುಚ್ಚಿಕೊಂಡು ಬಣ್ಣ ತುಂಬಲು ಬಕೆಟ್ಟಿನಲ್ಲೇ ಒಂದು ಏರ್ಪಾಡಿದೆ ಎಂದೂ ತಿಳಿಸಿದ್ದ. ಅಕ್ಕ ಆ ದಿನವೆಲ್ಲ ಮುಖ ಊದಿಸಿಕೊಂಡೇ ಸ್ಟಿಕ್ಕರ್ ಕತ್ತರಿಸಿದರು. ಮಾರನೆಯ ದಿನ ಟೀ ತರಿಸಿ ಹೇಳಿದರು: "ಬರಿ ಕಣಮ್ಮಿ. ಬಣ್ಣದ ವಿಸ್ಯದಲ್ಲಿ ನಂದೇ ತಪ್ಪು ಅಂತ ಬರಿ. ಅಳ್ತೆ ವಿಸ್ಯದಲ್ಲಿ ಮಾತ್ರ ಸಾಯಗಂಟ ಬುಡಕಿಲ್ಲ ಅಂತಾನೂ ಸೇರ್ಸು."

ಅದನ್ನು ನಾನು 'ದಯವಿಟ್ಟು' ಹಾಕದೆ, ಇದ್ದದ್ದು ಇದ್ದಂತೆ ಬರೆದೆ. ಅದೇ ಮನುಷ್ಯ ತಿರುಗಿ ಕೇಳಿದ: ನಿಮಗೆ ಏನು ಬೇಕು, ಬರೆದು ತೋರಿಸಿ. ಅಕ್ಕ 'ಅಮ್ಮ' ಎಂದು ಬರೆದು ಎರಡು ಗೆರೆ ಎಳೆದರು, ಅಕ್ಷರದ ಕೆಳಗೊಂದು, ಒತ್ತಿನ ಕೆಳಗೊಂದು. ಎರಡನ್ನೂ ಅಳೆದು ಹೇಳಬೇಕು, ಅಷ್ಟೇ. ಆಮೇಲೆ ಮಲಯಾಳದವರೊಬ್ಬರು ಅದೇ ತಾಣಕ್ಕೆ ಬಂದು, ನಮ್ಮ ಅಕ್ಷರಕ್ಕೂ ಇದೇ ಗತಿ ಎಂದು ದನಿಗೂಡಿಸಿದರು. ಬಹಳ ಕಾಲದ ಮೇಲೆ ಬಂದ ಹೊಸ ಆವೃತ್ತಿಯನ್ನು ಹಾಕಿಕೊಂಡು, ಸ್ಕೇಲು ಹಿಡಿದು 'ಅಮ್ಮ'ದ ಮೇಲೆ ಎಳೆದಾಗ ಎರಡು ಅಳತೆ ಬಂತು. ಅಕ್ಕ ಟೇಪು ಇಟ್ಟು ನೋಡಿದರು. ಸರಿಯಿತ್ತು. ಇನ್ನೊಮ್ಮೆ ಇಟ್ಟರು. ನಾನು ಖುಷಿಗೆ ಕುಣಿಯುತ್ತಿದ್ದರೆ ಅವರು, "ಉಗುಳ್ ನುಂಗ್ಕೊಂಡ್ ಬದ್ಕಿದ್ರೆ ಬತ್ತಿತ್ತಾ ಇದು?" ಎಂದಷ್ಟೇ ಹೇಳಿ ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡರು.

ಹೋದ ವರ್ಷ ಕುದೇರಿಗೆಂದು ಹೋದವರು ತಿರುಗಿ ಬರಲಿಲ್ಲ. ಎದೆನೋವು ಎಂದರಂತೆ, ಮೈಸೂರಿನ ಆಸ್ಪತ್ರೆ ಮುಟ್ಟಲಿಲ್ಲ. ತಿಥಿಯ ಹಿಂದಿನ ದಿನ ನಾನು ಹೋಗಿ ಬಸ್ಸಿಳಿದರೆ ಎದುರಿಗೇ ಅವರ ಫ್ಲೆಕ್ಸ್. ನಗುಮುಖ, ಮೇಲೆ ಭಾವಪೂರ್ಣ ಶ್ರದ್ಧಾಂಜಲಿ, ಕೆಳಗೆ ಹೆಸರು. ಹೆಸರಿನ ಬುಡಕ್ಕೆ ನೆಂಟರ ಹೆಸರು ಬರೆಯಲೆಂದು ನೀಲಿ ಪಟ್ಟಿ ಎಳೆದು ಬಣ್ಣ ತುಂಬಿದ್ದರು. ಆ ಪಟ್ಟಿ ಒತ್ತನ್ನು ಪೂರಾ ನುಂಗಿತ್ತು. ಮಾಡಿದ್ದು ಯಾರೆಂದು ಕೇಳುವುದೇ ಬೇಡ, ಅದೇ ಚಾಮರಾಜನಗರದವನು.

ನನ್ನ ಮೈ ಉರಿದುಹೋಯಿತು. ಅಲ್ಲಿದ್ದ ಸ್ಟೂಲು ಹತ್ತಿ ಹಗ್ಗ ಬಿಚ್ಚತೊಡಗಿದೆ. ಅಕ್ಕನ ತಮ್ಮ ಓಡಿಬಂದರು. "ಏನವ್ವ ಇದು! ನಾಳೆ ತಿಥಿ ಮಡ್ಗಂಡು, ಸತ್ತೋರ್ ಫೋಟೊ ಇಳಿಸ್ತಾರ? ಓದಕ್ ಬತ್ತದಲ್ಲ, ಬುಡು. ಯಾರ್ ನೋಡ್ತಾರೆ ಅದ?"

"ಅಕ್ಕ ನೋಡ್ತಿದ್ರು ಕಣಣ್ಣ. ಶಾಲೇಲಿ ನುಂಗುದ್ರಿ, ಮದ್ವೇಲಿ ನುಂಗುದ್ರಿ. ಸತ್ತ್ ಮೇಲೂ ನುಂಗ್ತೀರಾ? ನಾನ್ ಬುಡಕಿಲ್ಲ!"

ಜನ ಸೇರಿದರು. ಹುಚ್ಚು ಹಿಡಿದಿದೆ ಎಂದರು, ಅನ್ನಲಿ. ಫ್ಲೆಕ್ಸನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಚಾಮರಾಜನಗರದಲ್ಲಿ ಇಳಿದು ಆ ಅಂಗಡಿಗೇ ನುಗ್ಗಿ, ಅವನನ್ನು ಕುರ್ಚಿಯಿಂದ ಎಬ್ಬಿಸಿ, ನಾನೇ ಕುಳಿತು ಪಟ್ಟಿ ಇಳಿಸಿದೆ. ಒತ್ತು ಆಚೆ ಬಂತು. ಅದರ ಕೆಳಗೆ ಉಸಿರಾಡುವಷ್ಟು ಜಾಗವನ್ನೂ ಬಿಟ್ಟೆ. ಅವನು ಹೊಸದಾಗಿ ಅಚ್ಚು ಹಾಕಿಕೊಟ್ಟ. ತಿಥಿಗೆ ಬಂದವರು ಅಕ್ಕನ ಹೆಸರನ್ನು ಪೂರ್ತಿಯಾಗಿ ಓದಿದರು. ಆ ಊರಿನಲ್ಲಿ ಅದೇ ಮೊದಲು ಎಂದು ಕಾಣುತ್ತದೆ.

ಟೇಪು ಈಗ ನನ್ನ ಕೊರಳಲ್ಲಿದೆ. ನಗುವವರು ನಗುತ್ತಾರೆ, ಅವರ ಸೊಂಟದ ಅಳತೆ ನಾನೂ ಕೇಳುತ್ತೇನೆ. ಇಷ್ಟು ಬರೆದೂ ಅಕ್ಕನ ಹೆಸರು ಎಲ್ಲೂ ಬರಲಿಲ್ಲವಲ್ಲ ಎಂದರೆ, ಇದರ ಪ್ರೂಫು ನೋಡಲು ಅಕ್ಕ ಇಲ್ಲ. ಹೆಸರು ಬೇಕಾದವರು ಗುಂಡ್ಲುಪೇಟೆಗೆ ಬನ್ನಿ. ಅಂಗಡಿಯ ಗಾಜಿನ ಮೇಲೆ ಕೆಂಪಕ್ಷರದಲ್ಲಿ ಅಂಟಿಸಿದ್ದೇನೆ, ಒತ್ತಿನ ತುದಿಯವರೆಗೂ ಅಳೆದು.