ಹುಳಿಯಿಲ್ಲದ ರೊಟ್ಟಿಯ ಗುರುವಾರ

ನಮ್ಮ ಸಭೆಯ ಪಾಲಕರು ಪರಿಶುದ್ಧ ನಾಡಿನ ಯಾತ್ರೆ ಮುಗಿಸಿ ಹಿಂದಿರುಗಿದ ದಿನ ನಾವು ಹದಿನಾಲ್ಕು ಜನ ಹಾರಗಳನ್ನು ಹಿಡಿದು ಶಂಶಾಬಾದಿನಲ್ಲಿ ನಿಂತಿದ್ದೆವು. ಹೈದರಾಬಾದಿನ ವಿಮಾನ ನಿಲ್ದಾಣ ಅಲ್ಲಿಗೆ ಬಂದು ಇನ್ನೂ ಕೆಲವೇ ವಾರಗಳಾಗಿದ್ದವು. ನಮ್ಮಲ್ಲಿ ಅರ್ಧ ಜನ ಬಂದದ್ದು ಪಾಲಕರನ್ನು ನೋಡಲಿಕ್ಕಲ್ಲ, ಕಟ್ಟಡವನ್ನು ನೋಡಲಿಕ್ಕೆ. ಕ್ರಿಸ್ತನು ನಡೆದ ನೆಲವನ್ನು ಮೆಟ್ಟಿ ಬಂದ ಆ ಮಹನೀಯರು ಹಾರಕ್ಕೆ ಕೊರಳೊಡ್ಡಿ, ಪೆಟ್ಟಿಗೆಯನ್ನು ಬೇರೊಬ್ಬರ ಕೈಗೆ ಕೊಟ್ಟು, ಆಡಿದ ಮೊದಲ ಮಾತು ಇದು:

"ಏಳು ದಿವಸ ಬ್ರೆಡ್ ಅನ್ನೋದ ಇಲ್ಲರಿ. ಹೋಟೆಲಿನಾಗ ಬರೇ ಒಣ ಹಪ್ಪಳ."

ಆ ವರ್ಷ ಯೆಹೂದ್ಯರ ಪಸ್ಕಹಬ್ಬ ನಮ್ಮ ಈಸ್ಟರ್ ಮುಗಿದು ತಿಂಗಳಾದ ಮೇಲೆ ಬಂದಿತ್ತು. ಹಬ್ಬದ ವಾರದಲ್ಲಿ ಅವರು ಹುಳಿ ಬೆರೆತ ರೊಟ್ಟಿಯನ್ನು ಮನೆಯಿಂದ ಹೊರಹಾಕುತ್ತಾರೆ. ಹುದುಗದ ಹಿಟ್ಟಿನ ತೆಳುವಾದ ಒಣ ರೊಟ್ಟಿಯನ್ನೇ ತಿನ್ನುತ್ತಾರೆ. ಕ್ರಿಸ್ತನು ತನ್ನ ಕೊನೆಯ ಭೋಜನದಲ್ಲಿ ಮುರಿದದ್ದು ಈ ಹಬ್ಬದ ರೊಟ್ಟಿಯನ್ನು. ಎರಡು ಸಾವಿರ ವರ್ಷಗಳಾದರೂ ನಿಲ್ಲದ ಆ ಹಬ್ಬ ತಮ್ಮ ಕಣ್ಣೆದುರಿಗೇ, ತಮ್ಮ ತಟ್ಟೆಯಲ್ಲಿಯೇ ನಡೆದಿರುವಾಗ ಬೇರೆ ಯಾರಿಗಾದರೂ ಮೈ ನವಿರೇಳುತ್ತಿತ್ತು. ನಮ್ಮ ಪಾಲಕರಿಗೆ ಮಲಬದ್ಧತೆಯಾಯಿತು. ಯಾತ್ರೆಯಿಂದ ಅವರು ತಂದ ದರ್ಶನವೆಂದರೆ ಇಷ್ಟೇ, ಮತ್ತು ಇದರಿಂದಲೇ ಮುಂದಿನದೆಲ್ಲ ನಡೆಯಿತು.

ನಮ್ಮದು ಸಣ್ಣ ಸಭೆ. ಬೀದರ, ಕಲಬುರಗಿ, ರಾಯಚೂರುಗಳಿಂದ ಅಜ್ಜಂದಿರ ಕಾಲದಲ್ಲಿ ಆಸ್ಪತ್ರೆಯದೋ ರೈಲ್ವೆಯದೋ ನೌಕರಿ ಹಿಡಿದು ಹೈದರಾಬಾದಿಗೆ ಬಂದ ಕೆಲವು ಕನ್ನಡ ಕ್ರೈಸ್ತ ಕುಟುಂಬಗಳು. ತೆಲುಗಿನವರು ಬೆಳಗಿನ ಆರಾಧನೆ ಮುಗಿಸಿ ಹೋದ ಮೇಲೆ ಅದೇ ದೇವಾಲಯ ನಮಗೆ ದೊರೆಯುತ್ತಿತ್ತು. ಬಸ್ಸಿನಲ್ಲಿ ಹಿಂದಿ, ಅಂಗಡಿಯಲ್ಲಿ ತೆಲುಗು, ಮನೆಯಲ್ಲಿ ನಮ್ಮ ಕನ್ನಡ. ಪ್ರಾರ್ಥನೆಯಲ್ಲಿ ಮಾತ್ರ ಭೂಮಿಯ ಮೇಲೆ ಯಾರೂ ಆಡದ ಗ್ರಂಥಸ್ಥ ಕನ್ನಡ. ಅದರ ಕಾವಲು ನನ್ನದು. ಇಪ್ಪತ್ತೆರಡು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿ, ಮಕ್ಕಳಿಲ್ಲದೆ ಕನ್ನಡ ವಿಭಾಗ ಮುಚ್ಚಿದಾಗ ಮನೆಗೆ ಬಂದವಳು ನಾನು. ತಿದ್ದಲು ಉತ್ತರಪತ್ರಿಕೆಗಳಿಲ್ಲದ ಕೈಗೆ ಸಭೆಯವರು ನಡಾವಳಿ ಪುಸ್ತಕವನ್ನು ಕೊಟ್ಟರು. ಸಮಿತಿಯ ಕಾರ್ಯದರ್ಶಿಯಾದೆ. ಎಲ್ಲರೂ ನನ್ನನ್ನು ಅಕ್ಕೋರೆಂದೇ ಕರೆಯುತ್ತಿದ್ದರು, ಮತ್ತು ಸ್ವಲ್ಪ ಹೆದರುತ್ತಿದ್ದರು. ಆ ಹೆದರಿಕೆ ನನಗೆ ಹಿತವಾಗಿತ್ತು.

ಶುಭ ಶುಕ್ರವಾರದ ಹಿಂದಿನ ಸಂಜೆ, ಕರ್ತನ ಕೊನೆಯ ಭೋಜನದ ನೆನಪಿಗೆ ನಡೆಯುವ ಆರಾಧನೆಗೆ ರೊಟ್ಟಿ ಮಾಡಿಕೊಡುತ್ತಿದ್ದವಳು ಒಬ್ಬ ಮುದುಕಿ. ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದು ನಿವೃತ್ತಳಾಗಿ, ಮೆಹದಿಪಟ್ಟಣಂ ಬಸ್ ನಿಲ್ದಾಣದ ಹಿಂದಿನ ಓಣಿಯೊಂದರಲ್ಲಿ ಒಬ್ಬಳೇ ಇದ್ದಳು. ಎಲ್ಲರಿಗೂ ಅವ್ವ. ಓದು ಬಾರದು, ಆದರೆ ಐವತ್ತು ವರ್ಷ ಮುಂದಿನ ಬೆಂಚಿನಲ್ಲಿ ಕುಳಿತು ಕೇಳಿದ್ದರಿಂದ ಧರ್ಮಗ್ರಂಥ ಅವಳ ಕಿವಿಯಲ್ಲಿತ್ತು. ಅತ್ತೆಯಿಂದ ಬಂದ ಹೆಂಚೊಂದು ಅವಳಲ್ಲಿತ್ತು. ಅದನ್ನು ವರ್ಷಕ್ಕೊಂದೇ ದಿನ ಒಲೆಗಿಡುತ್ತಿದ್ದಳು. ಅಂದು ಬೆಳಗಿನಿಂದ ಉಪವಾಸ. ಜೋಳದ ಹಿಟ್ಟನ್ನು ಕುದಿನೀರಿನಲ್ಲಿ ನಾದಿದ ಕೈ ಅದನ್ನು ಅರೆನಿಮಿಷವೂ ಕೂರಲು ಬಿಡುವಂತಿಲ್ಲ, ಬಡಿಯಬೇಕು, ಬೇಯಿಸಬೇಕು. ಕೂತ ಹಿಟ್ಟು ಹುಳಿಯ ಕಡೆ ವಾಲುತ್ತದೆ ಎಂದು ಅತ್ತೆ ಹೇಳಿದ್ದಳಂತೆ. ಅತ್ತೆಗೆ ಯಾರು ಹೇಳಿದ್ದರೋ ಗೊತ್ತಿಲ್ಲ.

ಒಮ್ಮೆ ನಾನು ನನ್ನ ಚಟಕ್ಕೆ ತಕ್ಕಂತೆ ಅವಳನ್ನು ತಿದ್ದಲು ಹೋಗಿದ್ದೆ. ಆ ಹಬ್ಬದ ರೊಟ್ಟಿಯನ್ನು ಗೋಧಿಯಿಂದಲೋ ಜವೆಗೋಧಿಯಿಂದಲೋ ಮಾಡುತ್ತಿದ್ದರೇ ಹೊರತು ಜೋಳದಿಂದಲ್ಲ ಎಂದಿದ್ದೆ.

"ಹೌದ್ರಿ ಅಕ್ಕೋರ," ಎಂದಳು, ಕೈ ನಿಲ್ಲಿಸದೆ. "ಅವರು ಬೀದರ ಕಡೆ ಹುಟ್ಟಿದ್ರ ಜ್ವಾಳದ್ದ ತಿಂತಿದ್ರು."

ಪಾಲಕರು ಬಂದ ಮರುವಾರವೇ ಸಮಿತಿ ಸೇರಿತು. ವಿಷಯ: ಗುರುವಾರದ ರೊಟ್ಟಿ. ಅವ್ವ ಸದಸ್ಯೆಯಲ್ಲ, ತನ್ನ ವಿಚಾರವೆಂದು ತಿಳಿದು ಬಂದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತಿದ್ದಳು.

"ನಾವು ಹೊಸ ಒಡಂಬಡಿಕೆಯ ಜನ," ಎಂದು ಪಾಲಕರು ಆರಂಭಿಸಿದರು. "ಹುಳಿ ಇಲ್ಲದ ರೊಟ್ಟಿ ಯೆಹೂದ್ಯರ ಪದ್ಧತಿ. ನಾ ಕಣ್ಣಾರೆ ನೋಡಿ ಬಂದೀನಿ. ಕರ್ತನ್ನ ಕೊಂದವರ ಪದ್ಧತಿ ನಮಗ್ಯಾಕ?"

ಅಧ್ಯಕ್ಷರು ವಿದ್ಯುತ್ ಇಲಾಖೆಯ ನಿವೃತ್ತ ಇಂಜಿನಿಯರು. ಯಾವ ಕಡೆ ಬಲ್ಬು ಉರಿಯುತ್ತದೆಯೋ ಆ ಕಡೆ ತಿರುಗುವವರು. "ಖರೆ ಐತಿ," ಎಂದರು. "ಹೊರಗಿನವರು ಬಂದು ಕರ್ತನ ಮೇಜಿನ ಮ್ಯಾಲ ಜ್ವಾಳದ ರೊಟ್ಟಿ ನೋಡಿದ್ರ ಏನಂದಾರು? ಖಾನಾವಳಿ ಅಂದಾರು. ಬೇಕರಿ ಬ್ರೆಡ್ ಭಾಳ ಡೀಸೆಂಟ್ ಕಾಣ್ತದ."

ಬಾಗಿಲ ಬಳಿಯಿಂದ ಅವ್ವ ಕೇಳಿದಳು: "ಅಯ್ನೋರ, ಒಂದು ಮಾತು ಕೇಳ್ತೀನ್ರಿ. ನಮ್ಮ ಕರ್ತ ಯಾರ ಪೈಕಿ?"

"ಕರ್ತ ಎಲ್ಲಾರ ಪೈಕಿ, ಅವ್ವಾ."

"ಅದು ಆಮ್ಯಾಲಿಂದ್ರಿ. ಹುಟ್ಟಿದ್ದು ಯಾರ ಪೈಕಿ?"

ಪಾಲಕರು ನೀರು ಕುಡಿದರು. ಅಧ್ಯಕ್ಷರು ಅವರ ನೆರವಿಗೆ ಬಂದರು: "ಹುಚ್ಚಿ ಇದ್ದೀ ಏನವ್ವಾ. ಆತ ಫಸ್ಟ್ ಕ್ರಿಶ್ಚನ್."

ಮೊದಲ ಕ್ರೈಸ್ತ! ಹುಟ್ಟಿದ ಎಂಟನೆಯ ದಿನ ಯೆಹೂದ್ಯ ನಿಯಮದಂತೆ ಸುನ್ನತಿಯಾದ ಮಗು. ಯೆಹೂದ್ಯ ತಾಯಿ ಹೊತ್ತುಕೊಂಡು ಯೆರೂಸಲೇಮಿನ ದೇವಾಲಯಕ್ಕೆ ಹೋದ ಮಗು. ಬೆಳೆದು ಸಬ್ಬತ್ತಿನ ದಿನ ಸಭಾಮಂದಿರದಲ್ಲಿ ಗ್ರಂಥದ ಸುರುಳಿ ಬಿಚ್ಚಿ ಓದಿದ್ದು ತನ್ನ ಜನರ ಪ್ರವಾದಿಗಳನ್ನು. ಧರ್ಮಪಂಡಿತರೊಂದಿಗೆ ಅವನು ಜಗಳವಾಡಿದ್ದು ನಿಜ. ಆದರೆ ಅದು ಹೊರಗಿನವನ ಜಗಳವಲ್ಲ, ಒಂದೇ ಮನೆಯವರು ಮನೆಯ ಕಟ್ಟಳೆಯ ಮೇಲೆ ಆಡುವ ಜಗಳ. ಶಿಲುಬೆಗೆ ಏರಿಸಿದ್ದು ರೋಮಿನ ಸರಕಾರ, ಮೊಳೆ ಹೊಡೆದದ್ದು ರೋಮಿನ ಸಿಪಾಯಿಗಳು. ಅತ್ತ ಹೆಂಗಸರೂ ಹೂಳಿದ ಗಂಡಸರೂ ಯೆಹೂದ್ಯರು. 'ಕ್ರೈಸ್ತ' ಎಂಬ ಪದವನ್ನು ಅವನು ತನ್ನ ಜೀವಮಾನದಲ್ಲಿ ಒಮ್ಮೆಯೂ ಕೇಳಿರಲಾರ. ಅದು ಹುಟ್ಟಿದ್ದೇ ಅವನ ನಂತರ. ಈ ಸಂಗತಿಗಳು ಯಾವ ಗುಪ್ತ ಗ್ರಂಥದಲ್ಲಿಯೂ ಇಲ್ಲ. ವಾರವಾರವೂ ನಾನೇ ನಿಂತು ಗಟ್ಟಿಯಾಗಿ ಓದುತ್ತಿದ್ದ ಪಾಠಗಳಲ್ಲಿವೆ. ಐವತ್ತು ವರ್ಷ ಕೇಳಿಯೂ ಅಧ್ಯಕ್ಷರಿಗೆ ತಿಳಿದಿರಲಿಲ್ಲ. ಕಣ್ಣಾರೆ ಕಂಡು ಬಂದರೂ ಪಾಲಕರಿಗೆ ತಿಳಿದಿರಲಿಲ್ಲ, ಅಥವಾ ತಿಳಿಯುವುದು ಬೇಕಿರಲಿಲ್ಲ.

ಇದೆಲ್ಲವನ್ನೂ ಅಂದು ನಾನು ಹೇಳಿದೆನೇ? ಹೇಳಲಿಲ್ಲ. ಅಧ್ಯಕ್ಷರು ನನ್ನ ಕಡೆ ತಿರುಗಿ, "ಅಕ್ಕೋರ, ನಿಮ್ಮ ಛಂದನ್ನ ಭಾಷಾದಾಗ ಬರೀರಿ" ಎಂದಾಗ ಬರೆದೆ. ಮುಂದಿನ ವರ್ಷದಿಂದ ಕರ್ತನ ಭೋಜನಕ್ಕೆ ಬೇಕರಿಯ ರೊಟ್ಟಿಯನ್ನೇ ಬಳಸತಕ್ಕದ್ದೆಂದೂ, ಸದರಿ ಸೇವೆಯಿಂದ ಹಿರಿಯ ಸಹೋದರಿಯನ್ನು ಕೃತಜ್ಞತಾಪೂರ್ವಕವಾಗಿ ಬಿಡುಗಡೆ ಮಾಡಲಾಗಿದೆಯೆಂದೂ ಬರೆದೆ. ಓದಿ ತೋರಿಸಿದಾಗ ಎಲ್ಲರೂ ತಲೆದೂಗಿದರು. ವಾಕ್ಯ ಎಲ್ಲಿಯೂ ತೊಡಕಿಲ್ಲದೆ ಹರಿದಿತ್ತು. ಆ ತೃಪ್ತಿಯಲ್ಲಿ ನಾನು ಬಾಗಿಲ ಕಡೆ ನೋಡುವ ಹೊತ್ತಿಗೆ ಸ್ಟೂಲು ಖಾಲಿಯಾಗಿತ್ತು. ಪಾಲಕರ ಅಜ್ಞಾನಕ್ಕೆ ನಾನು ತೋರುವ ತಿರಸ್ಕಾರದಲ್ಲಿ ಒಂದು ಪಾಲನ್ನು ನನಗೂ ಇಟ್ಟುಕೊಂಡಿದ್ದೇನೆ. ಅವರಿಗೆ ತಿಳಿದಿರಲಿಲ್ಲ, ನನಗೆ ತಿಳಿದಿತ್ತು.

ಮರುವರ್ಷದ ಗುರುವಾರ ಮೇಜಿನ ಮೇಲೆ ಇರಾನಿ ಬೇಕರಿಯ ಉಬ್ಬಿದ ಬ್ರೆಡ್ ಬಂದಿತು. ಅಂದಿನ ಪಾಠವನ್ನು ಓದಿದವಳು ನಾನೇ: ಹುಳಿಯಿಲ್ಲದ ರೊಟ್ಟಿಯ ಹಬ್ಬ ಬಂದಾಗ ಶಿಷ್ಯರು ಭೋಜನವನ್ನು ಎಲ್ಲಿ ಸಿದ್ಧಪಡಿಸಬೇಕೆಂದು ಗುರುವನ್ನು ಕೇಳುವ ಭಾಗ. ನಾನು ಓದುತ್ತಿದ್ದೆ, ಪಕ್ಕದಲ್ಲಿ ಬ್ರೆಡ್ ಹೊಟ್ಟೆ ಉಬ್ಬಿಸಿಕೊಂಡು ಕುಳಿತಿತ್ತು. ಒಬ್ಬರಿಗೂ ನಗು ಬರಲಿಲ್ಲ. ಎಲ್ಲರೂ ಸಾಲಾಗಿ ಎದ್ದು ಬಂದರು. ಅವ್ವ ಮುಂದಿನ ಬೆಂಚಿನಲ್ಲಿಯೇ ಕುಳಿತಿದ್ದಳು, ಏಳಲಿಲ್ಲ. ಅವಳಿಗೆ ಮೊಣಕಾಲು ನೋವಿರಬೇಕೆಂದು ಅಧ್ಯಕ್ಷರು ಆಮೇಲೆ ಹೇಳಿದರು.

ಅದರ ಮುಂದಿನ ವರ್ಷ, ಪ್ರತ್ಯೇಕ ರಾಜ್ಯದ ಗಲಾಟೆ ಏರಿದ್ದ ಕಾಲ. ವಾರಕ್ಕೊಂದು ಬಂದ್. ನಮ್ಮ ಗುರುವಾರಕ್ಕೂ ಒಂದು ಬಂದ್ ಬಿದ್ದಿತು. ಬಸ್ಸಿಲ್ಲ, ತೆರೆದ ಅಂಗಡಿಯಿಲ್ಲ. ಬ್ರೆಡ್ ತಾಜಾ ಇರಲೆಂದು ಹಿಂದಿನ ದಿನ ತಂದಿಡದ ನಮ್ಮ ಅಧ್ಯಕ್ಷರು ಮಧ್ಯಾಹ್ನದವರೆಗೆ ಸ್ಕೂಟರಿನಲ್ಲಿ ಇಳಿದ ಶಟರುಗಳನ್ನು ನೋಡುತ್ತ ತಿರುಗಿ, ಕೊನೆಗೆ ಹಿಮಾಯತ್‌ನಗರದ ನನ್ನ ಮನೆಗೆ ಬಂದರು.

"ಮನ್ಯಾಗ ಎರಡು ಚಪಾತಿ ಮಾಡು ಅಂದ್ರ ನಮ್ಮಾಕಿ ವಲ್ಲೆ ಅಂತಾಳ್ರಿ. 'ಅವ್ವ ಮುಂದ ಕುಂತಿರ್ತಾಳ, ನನ್ನ ಮಾರಿ ಏನಾಗಬೇಕು' ಅಂತಾಳ. ಉಳಿದ ಮನಿಯಾಗೂ ಅದ ಮಾತು. ನೀವ..."

"ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ," ಎಂದೆ. ಅದು ನಿಜ. ಬಂದಿದ್ದರೂ ಅದನ್ನೇ ಹೇಳುತ್ತಿದ್ದೆ.

ಹೀಗೆ, ಅಧ್ಯಕ್ಷರ ಸ್ಕೂಟರಿನ ಹಿಂದೆ ನಾನೂ, ಇನ್ನೊಬ್ಬರ ಮೋಟಾರ್ ಸೈಕಲ್ಲಿನ ಹಿಂದೆ ಪಾಲಕರೂ ಮೆಹದಿಪಟ್ಟಣದ ಆ ಓಣಿಗೆ ಹೋದೆವು. ಅವ್ವ ಹೊಸ್ತಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ನಾಲ್ಕು ಜನರನ್ನೂ ನೋಡಿ ವಿಷಯ ತಿಳಿದುಕೊಂಡಳು. ಆದರೂ ಪಾಲಕರು ಪೂರ್ತಿ ಹೇಳುವವರೆಗೆ ಅಕ್ಕಿ ಆರಿಸುತ್ತಲೇ ಇದ್ದಳು.

"ಮಾಡ್ತೀನ್ರಿ ಅಯ್ನೋರ. ಮುಂಜಾನಿಂದ ಏನೂ ತಿಂದಿಲ್ಲ, ಹಂಗ ಐತಿ ರೂಢಿ. ಆದ್ರ ಅವತ್ತ ನಾ ಕೇಳಿದ್ದಕ್ಕ ನೀವು ಹೇಳಲಿಲ್ಲ."

"ಏನು ಕೇಳಿದ್ದಿ?"

"ಕರ್ತ ಯಾರ ಪೈಕಿ ಅಂತ. ಇವತ್ತ ಮಂದಿ ಮುಂದ ಹೇಳ್ರಿ. ನನಗ ಕಿವಿಯಾಗ ಹೇಳೋದು ಬ್ಯಾಡ."

"ಅವ್ವಾ, ಇದು ಹಟ ಮಾಡೋ ಹೊತ್ತಲ್ಲ," ಎಂದರು ಅಧ್ಯಕ್ಷರು.

"ಹಟ ಯಾರದರಿ? ನಾ ಹೆಂಚು ತೊಳಿಯಾಕ ಹೊಂಟೀನಿ."

ಸಂಜೆ ಆರೂವರೆಗೆ ಆರಾಧನೆ. ಜನ ನಡೆದೇ ಬಂದಿದ್ದರು. ಮೇಜಿನ ಮೇಲೆ ದ್ರಾಕ್ಷಾರಸದ ಬಟ್ಟಲಿತ್ತು, ಖಾಲಿ ತಟ್ಟೆಯಿತ್ತು. ಅವ್ವ ಎಂದಿನಂತೆ ಮುಂದಿನ ಬೆಂಚಿನಲ್ಲಿ ಕುಳಿತಿದ್ದಳು. ತೊಡೆಯ ಮೇಲೆ ಬಿಳಿಯ ಬಟ್ಟೆ ಮುಚ್ಚಿದ ಬುಟ್ಟಿ, ಅದರ ಮೇಲೆ ಎರಡೂ ಕೈ. ನಾನು ಪಾಠ ಓದಿ ನನ್ನ ಸ್ಥಳಕ್ಕೆ ಬಂದೆ. ಪಾಲಕರು ಪ್ರಸಂಗಕ್ಕೆ, ಅಂದರೆ ಉಪದೇಶಕ್ಕೆ, ನಿಂತರು.

"ನಮ್ಮ ಕರ್ತನು," ಎಂದರು, "ಯೆಹೂದ್ಯರ ನಾಡಿನಲ್ಲಿ ಅವತರಿಸಿ..." ಮತ್ತು ಅವ್ವನ ಕಡೆ ನೋಡಿದರು. ಕೈಗಳು ಬುಟ್ಟಿಯ ಮೇಲೆಯೇ ಇದ್ದವು. ನಾಡಿನಲ್ಲಿ ಅವತರಿಸುವುದೇನು ದೊಡ್ಡ ಮಾತು? ಹೈದರಾಬಾದಿನಲ್ಲಿ ಯಾರು ಯಾರೋ ಅವತರಿಸುತ್ತಾರೆ.

ಪಾಲಕರು ಪ್ರೀತಿಯ ಬಗ್ಗೆ ಸ್ವಲ್ಪ ಮಾತಾಡಿದರು, ತ್ಯಾಗದ ಬಗ್ಗೆ ಸ್ವಲ್ಪ. "ಯೆಹೂದ್ಯರ ನಡುವೆ ಬೆಳೆದು..." ಎಂದು ಮತ್ತೊಮ್ಮೆ ಪ್ರಯತ್ನಿಸಿದರು. ಕೈ ಕದಲಲಿಲ್ಲ. ಶಾಲೆಯಲ್ಲಿ ನಾನು ಇಂಥವರನ್ನು ಬಹಳ ನೋಡಿದ್ದೇನೆ: ಉತ್ತರದ ಸುತ್ತ ಮೂರು ಪುಟ ಬರೆದು ಉತ್ತರವನ್ನು ಮಾತ್ರ ಬರೆಯದವರು. ಪ್ರಸಂಗ ಮುಗಿಯಿತು. ಗೀತೆ ಮುಗಿಯಿತು. ರೊಟ್ಟಿಯನ್ನು ಎತ್ತಿ ಹಿಡಿಯಬೇಕಾದ ಹೊತ್ತು ಬಂದಿತು. ಪಾಲಕರು ಖಾಲಿ ತಟ್ಟೆಯ ಎದುರು ನಿಂತರು. ಹಿಂದಿನ ಬೆಂಚುಗಳಲ್ಲಿ ಪಿಸುಮಾತು. ಅಧ್ಯಕ್ಷರು ಎರಡು ಬಾರಿ ಕೆಮ್ಮಿದರು.

ಆಗ ಪಾಲಕರು ತಟ್ಟೆಯನ್ನೇ ನೋಡುತ್ತ ಹೇಳಿದರು: "ನಮ್ಮ ಕರ್ತನಾದ ಯೇಸು ಯೆಹೂದ್ಯನಾಗಿದ್ದನು. ಯೆಹೂದ್ಯನಾಗಿಯೇ ಸತ್ತನು. ಆ ಸಂಜೆ ಆತನು ತನ್ನ ಜನರ ಹಬ್ಬವನ್ನು ಆಚರಿಸುತ್ತಿದ್ದನು."

ಅಭ್ಯಾಸಬಲದಿಂದ ಯಾರೋ "ಆಮೆನ್" ಎಂದರು.

ಅವ್ವ ಎದ್ದಳು. ಅಧ್ಯಕ್ಷರು ಹೇಳಿದ್ದ ಮೊಣಕಾಲು ನೋವಿನ ಗುರುತು ಕಾಣಲಿಲ್ಲ. ಬಟ್ಟೆ ತೆಗೆದು ರೊಟ್ಟಿಯನ್ನು ತಟ್ಟೆಯಲ್ಲಿಟ್ಟಳು. ಪಾಲಕರು ಎತ್ತಿ ಮುರಿದಾಗ ಆದ ಸದ್ದು ಹಿಂದಿನ ಬೆಂಚಿನವರೆಗೂ ಕೇಳಿಸಿತು. ಬೇಕರಿಯ ಬ್ರೆಡ್ಡಿಗೆ ಆ ಸದ್ದಿಲ್ಲ. ಅವಳು ಸಾಲಿನಲ್ಲಿ ಎಲ್ಲರಿಗಿಂತ ಕೊನೆಗೆ ನಿಂತು ತನ್ನ ಚೂರನ್ನು ತೆಗೆದುಕೊಂಡಳು. ಅಂದಿನ ಮೊದಲ ಆಹಾರ ಅವಳಿಗೆ ಅದು.

ಹೊರಗೆ ಗೇಟಿನ ಬಳಿ ಪಾಲಕರು ನನ್ನನ್ನು ಪಕ್ಕಕ್ಕೆ ಕರೆದರು. "ಅಕ್ಕೋರ, ಇವತ್ತಿಂದು ನಡಾವಳಿಯಾಗ ಬರೀಬೇಕಂತೇನಿಲ್ಲ."

"ನೀವು ಹೇಳಿದ್ದರಲ್ಲಿ ತಪ್ಪೇನಾದರೂ ಇತ್ತೇ?" ಎಂದು ಕೇಳಿದೆ.

ಅವರು ಮೋಟಾರ್ ಸೈಕಲ್ಲಿನ ಕಡೆ ನಡೆದರು.

ಅವ್ವ ನನಗಾಗಿ ಕಾಯುತ್ತಿದ್ದಳು. "ಅವತ್ತ ನೀವು ಬರದದ್ದು ಇನ್ನೂ ಹಂಗ ಐತೇನ್ರಿ?"

"ಹಾಗೇ ಇದೆ."

"ಹಂಗಾರ ಮುಂದಿನ ವರ್ಷಕ್ಕ ಹೆಂಚು ಅಟ್ಟದ ಮ್ಯಾಲಿಡ್ಲೋ, ಕೈಗೆ ಸಿಗೋಹಂಗ ಇಡ್ಲೋ?"

ಸಮಿತಿ ಸೇರಬೇಕು, ಸೂಚನೆ ಬರಬೇಕು, ಅನುಮೋದನೆಯಾಗಬೇಕು. ಕ್ರಮವೆಲ್ಲ ನನಗೆ ಗೊತ್ತು. ಆ ಮೂರೂ ಹಂತಗಳಲ್ಲಿ ಯಾರು ಎಲ್ಲಿ ಕೆಮ್ಮುತ್ತಾರೆಂಬುದೂ ಗೊತ್ತು. ಸೂಚನೆಯನ್ನು ನಾನೇ ಮಂಡಿಸುತ್ತೇನೆ, ಬಾಯಿ ತೆರೆದು ಮಂಡಿಸುತ್ತೇನೆ, ಆದರೆ ಗೆಲ್ಲುತ್ತದೆಂದು ಹೇಳಲಾರೆ ಎಂದೆ.

"ಅಷ್ಟ ಸಾಕ್ರಿ," ಎಂದಳು. "ಕೈಗೆ ಸಿಗೋಹಂಗ ಇಡ್ತೀನಿ."

ಖಾಲಿ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ನನ್ನ ತೋಳನ್ನು ಹಿಡಿದುಕೊಂಡಳು. ಬಸ್ಸುಗಳು ಇನ್ನೂ ಹೊರಟಿರಲಿಲ್ಲ. ನಾವು ಮೆಹದಿಪಟ್ಟಣದ ಕಡೆ ನಡೆಯತೊಡಗಿದೆವು.